‘ಇಲ್ಲೆ’ ಎಂದರೆ ಎಲ್ಲಿ?

ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾರದಾದರೂ ಮುಖದ ಫೋಟೊ ಒಂಟಿಯಾಗಿ ಬಂದರೆ ಅದಕ್ಕೆ ಅರ್ಥ ಎರಡೇ. ಅವರು ಇವತ್ತಿನ ದಿನ ಹುಟ್ಟಿದ್ದಾರೆ, ಇಲ್ಲವೇ ಇವತ್ತು ತೀರಿಕೊಂಡಿದ್ದಾರೆ. ಫೋಟೊದ ಕೆಳಗೆ ಏನು ಬರೆದಿದೆ ಎಂದು ಓದುವ ಪುಣ್ಯಾತ್ಮರು ಕಡಿಮೆ. ಒಬ್ಬರು ಕೇಕು ಹಾಕಿದರೆ ಎಲ್ಲರೂ ಕೇಕು, ಒಬ್ಬರು ಕೈ ಮುಗಿದರೆ ಎಲ್ಲರೂ ಕೈ ಮುಗಿಯುತ್ತಾರೆ. ಇದನ್ನು ನಾನು ಬಹಳ ಸಲ ತಮಾಷೆಯಾಗಿ ಹೇಳಿಕೊಂಡು ನಕ್ಕಿದ್ದೇನೆ. ಆ ದಿನದ ನಂತರ ನಗು ಬರುವುದಿಲ್ಲ.

ನಮ್ಮದು ಜೇನು ಸಾಕುವವರ ಸಂಘ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನವರಿದ್ದಾರೆ. ಎರಡು ಪೆಟ್ಟಿಗೆ ಇಟ್ಟುಕೊಂಡವರೂ ಸದಸ್ಯರೇ, ಗುಡ್ಡದ ತುಂಬ ಪೆಟ್ಟಿಗೆ ಇಟ್ಟವರೂ ಸದಸ್ಯರೇ. ನಾನು ಕಾರ್ಯದರ್ಶಿ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಈ ಕೆಲಸ ನನ್ನ ಕೊರಳಿಗೆ ಬಿದ್ದಿದ್ದು, ಕಾರ್ಡು ಬರೆಯುತ್ತಿದ್ದ ಕಾಲದಲ್ಲಿ. ಸಭೆಯ ಕಾರ್ಡು ಸಭೆ ಮುಗಿದ ಮೇಲೆ ಮುಟ್ಟುವುದು ಮಾಮೂಲಾಗಿತ್ತು. ಆಮೇಲೆ ಫೋನಿನ ಸರಪಳಿ ಮಾಡಿಕೊಂಡೆವು. ನಾನು ನಾಲ್ಕು ಮನೆಗೆ ಹೇಳುವುದು, ಅವರು ತಮ್ಮ ಮುಂದಿನ ಮನೆಗೆ ಹೇಳುವುದು, ಅವರು ಅದರ ಮುಂದಿನವರಿಗೆ. ಹತ್ತು ಗಂಟೆಯ ಸಭೆ ಕೊನೆಯ ಮನೆ ಮುಟ್ಟುವಷ್ಟರಲ್ಲಿ ಎರಡು ಗಂಟೆಯದಾಗಿರುತ್ತಿತ್ತು. ಆದರೆ ಒಂದು ಮನೆಯ ಫೋನು ಎತ್ತದಿದ್ದರೆ ಯಾಕೆ ಎತ್ತಲಿಲ್ಲ ಎಂದು ಮತ್ತೊಂದು ಮನೆಯವರಿಗೆ ಚಿಂತೆಯಾಗುತ್ತಿತ್ತು.

ಗುಂಪು ಮಾಡಿದ್ದು ಈಗಿನ ಅಧ್ಯಕ್ಷರು. ಸಿದ್ದಾಪುರದ ಕಡೆಯವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಹೊಸ ಫೋನು ಕಂಡರೆ ಚಿಕ್ಕ ಮಕ್ಕಳ ಉಮೇದು. ಸದಸ್ಯರನ್ನು ಸದಾ ಜೋಡಿಸಿಟ್ಟುಕೊಳ್ಳಬೇಕು ಎನ್ನುವುದು ಅವರ ಮಂತ್ರ. ಮತದಾನ ಗುಂಪಿನಲ್ಲೇ, ಸಭೆಯ ಊಟಕ್ಕೆ ಎಷ್ಟು ಜನ ಎನ್ನುವುದು ಗುಂಪಿನಲ್ಲೇ, ಹುಟ್ಟುಹಬ್ಬದ ಪಟ್ಟಿಯೂ ಗುಂಪಿನಲ್ಲೇ. ಜೋಡಿಸಿದ್ದು ಹೌದು. ಆದರೆ ನಮ್ಮ ಊರುಗಳ ಕತೆ ಬೇರೆ. ನನ್ನ ತವರು ವಾನಳ್ಳಿಯ ಕಡೆ. ಅಲ್ಲಿ ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಮನೆಗೆ ಕೇಬಲ್ ಎಳೆಸಿ ವೈಫೈ ಹಾಕಿಸಿಕೊಂಡಿದ್ದಾರೆ. ಜಗಲಿಯ ಮೇಲಿದ್ದಷ್ಟು ಹೊತ್ತು ಮನುಷ್ಯ ಅಮೆರಿಕದವರಿಗೂ ಸಿಗುತ್ತಾನೆ, ಅಂಗಳ ದಾಟಿದನೋ ಹೆಂಡತಿಗೂ ಸಿಗುವುದಿಲ್ಲ. ನಾನೀಗ ಇರುವುದು ಇಸಳೂರಿನ ಹೊಸ ಮನೆಗಳ ಸಾಲಿನಲ್ಲಿ. ಇಲ್ಲಿ ಸಿಗ್ನಲ್ ಚೆನ್ನಾಗಿದೆ, ಹಾಗಾಗಿ ಗುಂಪಿನ ಕಾಟವೂ ಪೂರ್ತಿ.

ಬೆಳಗಾದರೆ ಸಾಕು. ಕಮಲದ ಹೂವು, ಹುಟ್ಟುವ ಸೂರ್ಯ, ಹಬೆಯಾಡುವ ಚಹಾದ ಕಪ್ಪು, ಕೆಳಗೆ ಶುಭೋದಯ. ಮಧ್ಯಾಹ್ನಕ್ಕೆ ಕೇಕು. ಪೆಟ್ಟಿಗೆಗೆ ರೋಗ ಬಂದಿದೆ, ಏನು ಮಾಡಲಿ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಹೂವಿನ ರಾಶಿಯಲ್ಲಿ ಹೂತು ಹೋಗುತ್ತಿತ್ತು. ಎಲ್ಲರ ಹಾಗೆ ನಾನೂ ಗುಂಪಿನ ಸದ್ದು ಬಂದ್ ಮಾಡಿಟ್ಟಿದ್ದೆ. ಸುಮ್ಮನಿರುವ ಜನ್ಮ ನನ್ನದಲ್ಲವಾದ್ದರಿಂದ ಒಂದು ಠರಾವನ್ನೂ ಬರೆದೆ. ಶುಭೋದಯ, ಶುಭರಾತ್ರಿ, ಹೂವು, ಕೇಕು ಇವುಗಳನ್ನು ಗುಂಪಿನಲ್ಲಿ ಸಂಪೂರ್ಣ ನಿಷೇಧಿಸಲಾಗಿದೆ ಎಂದು. ಯಲ್ಲಾಪುರ ತಾಲೂಕಿನ ಒಳಗಿನ ಒಬ್ಬ ಸದಸ್ಯರ ಮನೆಯಲ್ಲಿ ಸಭೆಯಿತ್ತು. ಅವತ್ತು ಅದನ್ನು ಪಾಸು ಮಾಡಿಸಿಯೇ ಬರುತ್ತೇನೆ ಎಂದು ಹೊರಟಿದ್ದೆ.

ಚಳಿ ಹಿಂದೆ ಸರಿಯುತ್ತಿದ್ದ ದಿನಗಳು. ಜೇನು ಪಾಲಾಗುವ ಕಾಲ ಅದು. ಪೆಟ್ಟಿಗೆಯಲ್ಲಿ ಹೊಸ ರಾಣಿ ಹುಟ್ಟಿದಾಗ ಹಳೆ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹೊರಗೆ ಹಾರಿ, ಯಾವುದೋ ಕೊಂಬೆಗೆ ಗೊಂಚಲಾಗಿ ಕೂರುತ್ತದೆ. ಹಾಗೆ ಕೂತ ಹಿಂಡನ್ನು ಕಂಡ ಜೇನು ಸಾಕುವವನು ಬಿಟ್ಟು ಮುಂದೆ ಹೋಗಲಾರ. ಮಗನ ಮದುವೆಯ ಮುಹೂರ್ತ ಮೀರಿದರೂ ಹೋಗಲಾರ. ಈ ಹುಚ್ಚು ನಮ್ಮಲ್ಲಿ ಎಲ್ಲರಿಗೂ ಇದೆ.

ಆ ಸಭೆಗೆ ಬರಬೇಕಾಗಿದ್ದವರಲ್ಲಿ ಬನವಾಸಿ ಹತ್ತಿರದ ಊರಿನವರೊಬ್ಬರಿದ್ದರು. ಬೇಸಾಯದ ಮನೆ, ಅನಾನಸ್ ಬೆಳೆಯುತ್ತಾರೆ, ಬದುವಿನ ಮೇಲೆ ಪೆಟ್ಟಿಗೆ ಇಟ್ಟಿದ್ದಾರೆ. ಅವರ ಹೆಂಡತಿಯೂ ಸದಸ್ಯೆ. ಪೆಟ್ಟಿಗೆ ನೋಡಿಕೊಳ್ಳುವುದರಲ್ಲಿ ಗಂಡನಿಗಿಂತ ಒಂದು ಕೈ ಮೇಲೆ. ಆಕೆ ನನ್ನನ್ನು ಅಕ್ಕಾರ ಎನ್ನುತ್ತಾಳೆ, ನಾನು ತಂಗಿ ಎನ್ನುತ್ತೇನೆ. ಅವಳ ಗಂಡ ಗುಂಪಿನಲ್ಲಿ ಮಾತಾಡುವವರಲ್ಲ. ಯಾವಾಗಲಾದರೂ ಒಂದು ಫೋಟೊ ಹಾಕುತ್ತಾರೆ, ಅದೂ ಜೇನಿನದು, ಕೆಳಗೆ ಒಂದಕ್ಷರ ಬರೆಯುವುದಿಲ್ಲ. ಆದರೆ ಸಭೆಗೆ ಎಲ್ಲರಿಗಿಂತ ಮೊದಲು ಬಂದು, ಬೈಕಿನ ಹಿಂದೆ ಕಟ್ಟಿದ ಚೀಲದಿಂದ ಅನಾನಸ್ ತೆಗೆದು ಮನೆಯ ಹೆಂಗಸರ ಕೈಗೆ ಕೊಟ್ಟು, ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಅವತ್ತು ಅವರು ಬಂದಿರಲಿಲ್ಲ.

ನಾನು ಗಮನಿಸಿದ್ದೆ. ಗಮನಿಸಿ ಸ್ವಲ್ಪ ಸಿಟ್ಟೂ ಬಂದಿತ್ತು. ನನ್ನ ಠರಾವಿಗೆ ಖಾತ್ರಿಯಾಗಿ ಕೈ ಎತ್ತುವವರು ಅವರೊಬ್ಬರೇ ಎಂದು ನಂಬಿಕೊಂಡಿದ್ದೆ. ಸಭೆ ಎಂದಿನಂತೆ ಎಲ್ಲಿಂದೆಲ್ಲಿಗೋ ಹೋಯಿತು. ಅಧ್ಯಕ್ಷರು ಮುಂದಿನ ಸಭೆ ಎಲ್ಲಿ ಎಂದು ಗುಂಪಿನಲ್ಲಿ ಮತದಾನ ಇಟ್ಟರು, ಎದುರಿಗೇ ಕೂತಿದ್ದ ಜನ ತಲೆ ಬಗ್ಗಿಸಿ ಆ ಮನೆಯ ವೈಫೈ ಹಿಡಿದು ಫೋನಿನಲ್ಲಿ ಮತ ಹಾಕಿದರು. ಅವತ್ತು ಯಾರದೋ ಹುಟ್ಟುಹಬ್ಬ ಬೇರೆ. ಊಟವಾಯಿತು. ನನ್ನ ಠರಾವು ಚೀಲದಲ್ಲೇ ಉಳಿಯಿತು.

ಸಂಜೆಗೆ ಮುಂಚೆ ಅಧ್ಯಕ್ಷರ ಕಾರಿನಲ್ಲಿ ಹೊರಟೆವು, ಅವರು ಮತ್ತು ನಾನು. ಮಣ್ಣು ರಸ್ತೆ ಮುಗಿದು ಡಾಂಬರು ಸಿಕ್ಕಿದ ಮೇಲೆ ಸಿಗ್ನಲ್ ಬಂತು. ಬನವಾಸಿಯವರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಬಾರದ್ದಕ್ಕೆ ನಾಲ್ಕು ಮಾತು ಅಂದೇ ತೀರಬೇಕೆಂದು ಅವರ ಹೆಂಡತಿಗೆ ಮಾಡಿದೆ. ನಿನ್ನ ಯಜಮಾನರು ನಮಗೆ ಕೈ ಕೊಟ್ಟರಲ್ಲ ತಂಗಿ, ಅನಾನಸ್ ಇಲ್ಲದೆ ಊಟ ಮಾಡಿ ಹೊರಟೆವು ಎಂದೆ.

"ಅಲ್ಲೇ ಅದಾರಲ್ರೀ ಅಕ್ಕಾರ," ಎಂದಳು. "ಗುಂಪಿನಾಗ ಬರದಿದ್ರಲ್ಲ, ಇಲ್ಲೇ ಅಂತ."

ನನಗೆ ಅರ್ಥವಾಗಲಿಲ್ಲ. ಫೋನು ಹಿಡಿದುಕೊಂಡಿರು ಎಂದು ಹೇಳಿ ಗುಂಪನ್ನು ತೆರೆದೆ. ಕೇಕುಗಳ ಅಡಿಯಲ್ಲಿ, ಮತದಾನದ ಮೇಲೆ, ಮಧ್ಯಾಹ್ನಕ್ಕೆ ಮುಂಚೆ ಬಂದ ಅವಳ ಪ್ರಶ್ನೆಯಿತ್ತು. ‘ನಮ್ಮನೆಯವರು ಬಂದಾರೇನ್ರಿ?’ ಅದರ ಕೆಳಗೆ ಸಭೆ ನಡೆದ ಮನೆಯ ಯಜಮಾನರ ಉತ್ತರ. ಅವರಿಗೆ ಕನ್ನಡ ಕೀಲಿಮಣೆ ಒಗ್ಗುವುದಿಲ್ಲ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾರೆ. ಐ, ಎಲ್, ಎಲ್, ಇ. ನಾಲ್ಕೇ ಅಕ್ಷರ. ಅದರ ಕೆಳಗೆ ಅವಳು ಕೈ ಮುಗಿದಿದ್ದಳು. ಆಮೇಲೆ ಮತ್ತೆ ಕೇಕು.

ನಮ್ಮ ಮನೆಮಾತಿನಲ್ಲಿ ಇಲ್ಲೆ ಎಂದರೆ ಇಲ್ಲ. ಅವಳ ಊರಿನಲ್ಲಿ ಇಲ್ಲೇ ಎಂದರೆ ಇಲ್ಲಿಯೇ. ಬಾಯಲ್ಲಿ ಹೇಳಿದರೆ ಕೂಸಿಗೂ ವ್ಯತ್ಯಾಸ ತಿಳಿಯುತ್ತದೆ, ನಮ್ಮದು ಗಕ್ಕನೆ ನಿಲ್ಲುತ್ತದೆ, ಅವರದು ಎಳೆಯುತ್ತದೆ. ಇಂಗ್ಲಿಷಿನ ಆ ನಾಲ್ಕು ಅಕ್ಷರಕ್ಕೆ ಗಿಡ್ಡ ಉದ್ದ ಗೊತ್ತಿಲ್ಲ. ಗಂಡ ಸಭೆಯಲ್ಲಿ ಕೂತಿದ್ದಾನೆ ಎಂದುಕೊಂಡು ಅವಳು ಕೈ ಮುಗಿದಳು. ಬಂದಿಲ್ಲ ಎಂದದ್ದು ಅವಳಿಗೆ ತಿಳಿಯಿತು, ಬೇರೆ ಕಡೆ ಹೋಗಿರಬೇಕು ಎಂದುಕೊಂಡು ಆ ಯಜಮಾನರು ಫೋನು ಕಿಸೆಗೆ ಹಾಕಿದರು. ಎರಡೂ ಕಡೆಯವರು ನಿಶ್ಚಿಂತೆಯಿಂದ ಊಟ ಮಾಡಿದ್ದರು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟ ಮನುಷ್ಯ ಸಂಜೆಯ ತನಕ ಎಲ್ಲಿಯೂ ಇರಲಿಲ್ಲ.

ಅವಳಿಗೆ ಹೇಳಲೇಬೇಕಾಗಿತ್ತು. ಹೇಳಿದೆ. ಅವಳು ಅಳಲಿಲ್ಲ. ಮುಂಜಾನೆ ಬೈಕಿಗೆ ಗಾಳಿ ಹಾಕಿಸಿಕೊಂಡು ಹೋಗ್ತೀನಿ ಅಂದಿದ್ರು, ಒಳದಾರಿ ಹಿಡೀತೀನಿ ಅಂದಿದ್ರು ಎಂದು ಸಣ್ಣ ದನಿಯಲ್ಲಿ ಹೇಳಿದಳು. ಯಾವ ಒಳದಾರಿ ಎಂದು ಅವಳಿಗೆ ಗೊತ್ತಿರಲಿಲ್ಲ. ಶಿರಸಿಯಿಂದ ಈಚೆಗೆ ಒಳದಾರಿಗಳೇನು ಒಂದೆರಡೇ?

ಸಭೆ ನಡೆದ ಮನೆಗೆ ಫೋನ್ ಮಾಡಿದೆ. ಯಜಮಾನರು ಮೊದಲು ನಂಬಲಿಲ್ಲ. "ಆನು ಇಲ್ಲೆ ಹೇಳೇ ಬರದ್ದಿ. ಇಲ್ಲೆ ಅಂದ್ರೆ ಇಲ್ಲೆ. ಮತ್ತೆಂತ ಬರೆಯಕಾಗಿತ್ತು?" ಎಂದರು.

"ಭಾವ, ಅದು ಅವಕ್ಕೆ ‘ಇಲ್ಲೇ’ ಆಗೋತು," ಎಂದೆ.

ಅವರು ಕೂಡಲೇ, ಬೈಕು ತೆಗೆಯುತ್ತೇನೆ, ನೀವು ಬಂದ ದಾರಿಯನ್ನೇ ನೋಡಿಕೊಂಡು ಬರುತ್ತೇನೆ ಎಂದು ಫೋನು ಇಟ್ಟರು. ಅವರನ್ನು ಬೈಯುವುದಕ್ಕೆ ನನಗೆ ಬಾಯಿ ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದೇ ನಾಲ್ಕು ಅಕ್ಷರ ಒತ್ತುತ್ತಿದ್ದೆ.

ಅಧ್ಯಕ್ಷರು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದ್ದರು. ಗುಂಪಿನಲ್ಲಿ ಹಾಕೋಣ, ಇಷ್ಟೆಲ್ಲ ಜನ ಇದ್ದಾರೆ, ಯಾರಾದರೂ ನೋಡಿಯೇ ಇರುತ್ತಾರೆ ಎಂದರು. ನನಗೂ ಸರಿಯೆನಿಸಿತು. ಹಿಂದಿನ ಸಭೆಯಲ್ಲಿ ತೆಗೆದ ಅವರದೊಂದು ಫೋಟೊ ನನ್ನ ಫೋನಿನಲ್ಲಿತ್ತು, ಕೈಯಲ್ಲಿ ಅನಾನಸ್ ಹಿಡಿದು ನಿಂತದ್ದು. ಅದನ್ನು ಹಾಕಿ ಕೆಳಗೆ ಬರೆದೆ: ನಮ್ಮ ಈ ಸದಸ್ಯರು ಬೆಳಿಗ್ಗೆ ಮನೆಯಿಂದ ಹೊರಟವರು ಸಭೆಗೆ ಮುಟ್ಟಿಲ್ಲ, ದಾರಿಯಲ್ಲಿ ಕಂಡವರು ಕೂಡಲೇ ನನಗೆ ಫೋನ್ ಮಾಡಿ.

ಉತ್ತರ ಬರಲು ತಡವಾಗಲಿಲ್ಲ. ಮೊದಲನೆಯದು ‘ಓಂ ಶಾಂತಿ’.

ನಾನು ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡುವಷ್ಟರಲ್ಲಿ ಎರಡನೆಯದು ಬಂತು. ಮೂರನೆಯವರು ಉರಿಯುವ ದೀಪದ ಚಿತ್ರ ಹಾಕಿದರು. ಇನ್ನೊಬ್ಬರು ‘ಒಳ್ಳೆಯ ಜೇನು ಕೃಷಿಕ, ತುಂಬಲಾರದ ನಷ್ಟ’ ಎಂದು ಬರೆದರು. ನಡುವೆ ಯಾರೋ ಜನ್ಮದಿನದ ಶುಭಾಶಯ ಹೇಳಿ, ತಕ್ಷಣ ಅಳಿಸಿ, ಕೈ ಮುಗಿದರು. ಅಧ್ಯಕ್ಷರೇ, ನಿಲ್ಲಿಸಿ ಇದನ್ನು, ಅವಳೂ ಗುಂಪಿನಲ್ಲಿದ್ದಾಳೆ ಎಂದು ಕೂಗಿದೆ. ಎಲ್ಲಿ ಒತ್ತಬೇಕು ಎಂದು ದಿನಾ ನಮಗೆಲ್ಲ ಪಾಠ ಹೇಳುವವರು, ಅವತ್ತು ಹುಡುಕಿ ಹುಡುಕಿ ಕೊನೆಗೆ ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದ ಹಾಗೆ ಗುಂಪಿನ ಬಾಗಿಲು ಹಾಕಿದರು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಅವಳೇ.

"ಅಕ್ಕಾರ, ನನ್ನ ಮುಂದ ಏನೂ ಮುಚ್ಚಿಡಬ್ಯಾಡ್ರಿ."

ಯಾರಿಗೂ ಏನೂ ಗೊತ್ತಿಲ್ಲ, ಫೋಟೊ ನೋಡಿ ಓದದೆ ಹಾಕಿಬಿಟ್ಟಿದ್ದಾರೆ, ನಂಬು ಎಂದೆ.

"ಓದದ ಹೆಂಗ ಹಾಕ್ತಾರ್ರೀ?" ಎಂದಳು.

ಹುಡುಕುತ್ತಿದ್ದೇವೆ, ಸಿಕ್ಕ ಕೂಡಲೇ ನಾನೇ ಮಾತಾಡುತ್ತೇನೆ, ಗುಂಪನ್ನು ತೆರೆಯಬೇಡ ಎಂದಷ್ಟೇ ಹೇಳಿದೆ. ನಾನೇ ಕಟ್ ಮಾಡಿದೆ.

ಗುಂಪು ಈಗ ತಣ್ಣಗಾಗಿತ್ತು. ಮೊದಲ ಸಲ ಅದರಲ್ಲಿ ಸದ್ದಿರಲಿಲ್ಲ. ಅವಳ ಪ್ರಶ್ನೆಗಿಂತ ಹಿಂದಕ್ಕೆ ಬೆರಳು ಎಳೆಯುತ್ತಾ ಹೋದೆ. ಕೇಕು, ಕೇಕು, ಹೂವು, ಚಹಾ, ಕಮಲ. ಎರಡು ಕಮಲಗಳ ನಡುವೆ ಒಂದು ಫೋಟೊ ಇತ್ತು. ಚಿಕ್ಕದಾಗಿ ನೋಡಿದರೆ ಅದೂ ಯಾವುದೋ ಹೂವಿನ ಗೊಂಚಲೇ ಎನ್ನಬೇಕು. ತೆರೆದು ನೋಡಿದೆ. ಮಾವಿನ ಕೊಂಬೆಗೆ ಜೋತುಬಿದ್ದ ಜೇನಿನ ಹಿಂಡು. ಕೆಳಗೆ ಒಂದಕ್ಷರವಿಲ್ಲ. ಹಾಕಿದವರು ಬನವಾಸಿಯವರು, ಬೆಳಿಗ್ಗೆ. ಕೊಂಬೆಯ ಹಿಂದೆ, ಮೂಲೆಯಲ್ಲಿ, ಒಂದು ಬಸ್ ತಂಗುದಾಣದ ಅರ್ಧ ಗೋಡೆ ಕಾಣುತ್ತಿತ್ತು. ಗೋಡೆಯ ಮೇಲೆ ಸಿಮೆಂಟಿನ ಜಾಹೀರಾತು ಅಳಿಸಿ ಅದರ ಮೇಲೆ ಇನ್ನೊಂದು ಬರೆದಿದ್ದರು, ಎರಡೂ ಓದಲು ಬಾರದ ಹಾಗೆ.

ಆ ಗೋಡೆಯನ್ನು ಅಧ್ಯಕ್ಷರೂ ಗುರುತಿಸಿದರು, ನಾನೂ ಗುರುತಿಸಿದೆ. ಹುಲಗೋಳದ ಕಡೆಗೆ ಒಳರಸ್ತೆ ತಿರುಗುವಲ್ಲಿ ಅದು ಇರುವುದು. ಬೆಳಿಗ್ಗೆ ಅದರ ಎದುರಿನಿಂದಲೇ ನಾವು ಹಾದು ಬಂದಿದ್ದೆವು.

ಹಿಂಡು ಕಂಡು ನಿಂತಿದ್ದಾರೆ. ನಿಂತವರು ಮರ ಹತ್ತಿದ್ದಾರೆ. ಇಷ್ಟು ಗೊತ್ತಾದ ಮೇಲೆ ಮುಂದಿನದನ್ನು ಯೋಚಿಸಲು ನನಗೆ ಧೈರ್ಯವಾಗಲಿಲ್ಲ. ಅಧ್ಯಕ್ಷರು ಕಾರು ಓಡಿಸುತ್ತಿದ್ದರು, ನಾನು ಹುಲಗೋಳದ ನಮ್ಮ ಸದಸ್ಯರೊಬ್ಬರ ಮನೆಯ ಫೋನಿಗೆ ಮಾಡಿದೆ. ಸರಪಳಿಯ ಕಾಲದಲ್ಲಿ ನನ್ನ ಕಡೆಯಿಂದ ಎರಡನೆಯ ಮನೆ ಅವರದು, ನಂಬರು ಬಾಯಿಗೆ ಬರುತ್ತಿತ್ತು. ತಂಗುದಾಣದ ಹಿಂದಿನ ಮಾವಿನ ಮರದ ಬುಡದಲ್ಲಿ ನೋಡಿ, ಮೊಬೈಲು ಒಯ್ಯಿರಿ, ಸಿಗ್ನಲ್ ಸಿಕ್ಕಲ್ಲಿಂದ ಫೋನ್ ಮಾಡಿ ಎಂದೆ. ಅವರು ಯಾಕೆ ಎಂತಕ್ಕೆ ಎಂದು ಕೇಳಲಿಲ್ಲ.

ಬಿಸಿಲು ಕೆಂಪಾಗುತ್ತಿತ್ತು. ತಿರುವುಗಳಲ್ಲಿ ಅಧ್ಯಕ್ಷರು ಹಾರ್ನ್ ಒತ್ತಿ ಹಿಡಿಯುತ್ತಿದ್ದರು. ಫೋನು ಕೈಯಲ್ಲೇ ಇತ್ತು, ಸಿಗ್ನಲಿನ ಕಡ್ಡಿ ಒಂದು ಕಾಣುವುದು, ಮಾಯವಾಗುವುದು. ಕೊನೆಗೆ ಅದು ಬಡಿಯಿತು. ಗಾಳಿಯ ಸದ್ದು, ಏದುಸಿರು. ಇದ್ರಾ ಎಂದು ಕೇಳಿದೆ.

"ಇಲ್ಲೆ..." ಎಂದರು. ಕಟ್ ಆಯಿತು.

ಮತ್ತೆ ಮಾಡಿದೆ, ಹೋಗಲಿಲ್ಲ. ಇನ್ನೊಮ್ಮೆ ಮಾಡಿದೆ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಂಗಸೊಬ್ಬಳು ನಯವಾಗಿ ಹೇಳಿದಳು. ಎಂತ ಹೇಳಿದ್ರು ಎಂದು ಅಧ್ಯಕ್ಷರು ಕೇಳಿದರು. ಹುಲಗೋಳದವರ ಮಾತು ನಮ್ಮದೇ. ಇಲ್ಲೆ ಎಂದರೆ ಇಲ್ಲ. ಆದರೆ ಇಲ್ಲೇ ಇದ್ದಾರೆ ಎನ್ನುವುದಕ್ಕೂ ಮೊದಲು ಬರುವುದು ಅದೇ ಶಬ್ದ. ಕೊನೆಯ ಅಕ್ಷರ ಗಿಡ್ಡವೋ ಉದ್ದವೋ ಎಂದು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿ ಕೂತೆ. ಆ ಶಬ್ದ ಕಿವಿಯಲ್ಲಿ ಎಷ್ಟು ಸಲ ಬಂದರೂ ಅರ್ಧಕ್ಕೇ ಕಡಿದು ಬರುತ್ತಿತ್ತು. ಬನವಾಸಿಯ ಮನೆಯಲ್ಲಿ ಆಕೆ ಫೋನು ಹಿಡಿದು ಕೂತಿರುವುದು ನನ್ನ ಕಣ್ಣಿಗೆ ಕಟ್ಟಿತ್ತು. ಇದ್ದಾರೆಂದು ಹೇಳಿಬಿಡಲೇ, ಬೇಡವೇ ಎಂದು ಅವಳ ನಂಬರು ತೆಗೆದೆ. ಹೇಳಲಿಲ್ಲ. ಆ ಶಬ್ದ ಒಂದು ಸಲ ಅವಳಿಗೆ ಸುಳ್ಳು ಹೇಳಿದ್ದು ಸಾಕಾಗಿತ್ತು.

ತಂಗುದಾಣದ ಎದುರು ಅವರ ಬೈಕು ನಿಂತಿತ್ತು. ಸ್ಟ್ಯಾಂಡ್ ಹಾಕಿ, ಬೀಗ ಹಾಕಿ, ಹಿಂದಿನ ಅನಾನಸ್ ಚೀಲದ ಸಮೇತ ಅಚ್ಚುಕಟ್ಟಾಗಿ. ಯಾರೋ ಬಸ್ಸಿಗೆ ಹೋಗಿದ್ದಾರೆ ಎಂದುಕೊಂಡು ದಿನವಿಡೀ ಜನ ಅದರ ಪಕ್ಕದಲ್ಲೇ ಓಡಾಡಿದ್ದರು. ಹಿಂದೆ ನೆಲ ತಗ್ಗಿಗೆ ಇಳಿಯುತ್ತದೆ. ಹುಲಗೋಳದವರು ತಗ್ಗಿನಲ್ಲಿ ಕೂತಿದ್ದರು, ಅವರ ತೊಡೆಯ ಮೇಲೆ ಒಂದು ತಲೆಯಿತ್ತು. ತುಟಿ ಒಡೆದು, ಮುಖ ಮಣ್ಣಾಗಿ, ಬಲಗಾಲು ಇರಬಾರದ ಕಡೆಗೆ ತಿರುಗಿ ಬಿದ್ದಿತ್ತು. ಕಣ್ಣು ತೆರೆದಿತ್ತು.

"ಹಿಂಡು ಚೀಲದಾಗ ಐತ್ರಿ," ಎಂದರು ನನ್ನನ್ನು ನೋಡಿ. ಮೇಲೆ ಕೊಂಬೆಗೆ ಬಟ್ಟೆಯ ಚೀಲ ತೂಗುತ್ತಿತ್ತು, ಒಳಗೆ ಜೇನು ಗುಂಯ್‌ಗುಡುತ್ತಿತ್ತು. ಹಿಂಡನ್ನು ಚೀಲಕ್ಕೆ ತುಂಬಿಕೊಂಡು, ಬಾಯಿ ಕಟ್ಟಿ, ಇಳಿಯುವಾಗ ಜಾರಿದ್ದು. ನನಗೆ ಅಳು ಬಂದು ಬಿಟ್ಟಿತು. ಅಳುತ್ತಲೇ ರಸ್ತೆಯ ಮೇಲಕ್ಕೆ ಓಡಿ, ಸಿಗ್ನಲ್ ಸಿಗುವ ತನಕ ನಡೆದು, ಅವಳಿಗೆ ಫೋನ್ ಮಾಡಿದೆ. ಇಲ್ಲಿ, ಅಲ್ಲಿ ಎಂಬ ಯಾವ ಶಬ್ದವನ್ನೂ ಬಳಸಲಿಲ್ಲ. ಜೀವ ಇದೆ ತಂಗಿ, ಕಾಲು ಮುರಿದಿದೆ, ಮಾತಾಡುತ್ತಿದ್ದಾರೆ, ಶಿರಸಿ ಆಸ್ಪತ್ರೆಗೆ ಕರೆತರುತ್ತೇವೆ ಎಂದೆ. ಆಗ ಅವಳು ಅತ್ತಳು.

ಶಿರಸಿಯಿಂದ ಹುಬ್ಬಳ್ಳಿಗೆ ಒಯ್ದು, ಕಾಲಿಗೆ ರಾಡು ಹಾಕಿಸಿ, ಮನೆಗೆ ಕರೆತಂದ ಮೇಲೆ ನೋಡಲು ಹೋಗಿದ್ದೆ. ಪಡಸಾಲೆಯಲ್ಲಿ ಮಂಚ ಹಾಕಿ ಮಲಗಿಸಿದ್ದರು. ಅವಳು ಮಂಡಕ್ಕಿ ಒಗ್ಗರಣೆ ಹಾಕಿ ತಂದುಕೊಟ್ಟಳು, ಗಂಡನ ಕಾಲ ಬಳಿ ಕೂತಳು. ಮಾತು ಕಡಿಮೆಯ ಮನುಷ್ಯ ಅವತ್ತು ತಾನಾಗಿಯೇ ಮಾತು ತೆಗೆದರು. ಬಿದ್ದಾಗ ಕಿಸೆಯ ಫೋನು ಹಾರಿ ತಗ್ಗಿನ ಆಚೆ ದಂಡೆಯ ಮೇಲೆ ಬಿತ್ತಂತೆ. ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುವುದಿಲ್ಲ. ಕಾಲು ಎಳೆದುಕೊಂಡು ಹೋಗಲು ನೋಡಿ ಎರಡು ಸಲ ಎಚ್ಚರ ತಪ್ಪಿತಂತೆ. ಕೂಗಿದರೆ ರಸ್ತೆಯ ಮೇಲೆ ಹೋಗುವವರ ಕಿವಿಗೆ ಹೆಲ್ಮೆಟ್ಟು. ಬಿಸಿಲು ಏರಿತು, ಇರುವೆ ಹತ್ತಿದವು. ಆ ಜಾಗದಲ್ಲಿ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು. ಬಂದಾಗೆಲ್ಲ ಫೋನು ಸದ್ದು ಮಾಡುತ್ತಿತ್ತಂತೆ.

"ಟಿಣ್ ಟಿಣ್ ಅಂತ ಒಂದರ ಹಿಂದ ಒಂದು ಬರೋವು ಅಕ್ಕಾರ," ಎಂದರು. "ಸಂಘದವ್ರು ಎಲ್ಲಾರೂ ನನ್ನ ಹುಡುಕಾಕ್ಹತ್ಯಾರ, ಎಲ್ಲಿದೀಯೋ ಅಂತ ಕೇಳಾಕ್ಹತ್ಯಾರ ಅನ್ಕೊಂಡು ಜೀವ ಹಿಡ್ಕೊಂಡೆ. ಮಧ್ಯಾಹ್ನದ ಮ್ಯಾಲೆ ಬ್ಯಾಟರಿ ಹೋತು ಕಾಣತೈತಿ, ಸಪ್ಪಳ ನಿಂತು ಬಿಡ್ತು. ಅವಾಗ ಅಂಜಿಕಿ ಬಂತು ನೋಡ್ರಿ. ನನ್ನ ಬಿಟ್ಟುಬಿಟ್ರೇನೋ ಅನಿಸ್ತು."

ನಾನು ಮಂಡಕ್ಕಿಯ ತಟ್ಟೆ ಕೆಳಗಿಟ್ಟೆ. ಅವತ್ತು ಆ ಹೊತ್ತಿನಲ್ಲಿ ಏನೇನು ಬಂದಿತ್ತೆಂದು ನನಗೆ ಗೊತ್ತಿತ್ತು. ಬೆರಳು ಎಳೆದೆಳೆದು ನೋಡಿದವಳು ನಾನೇ. ಕಮಲ, ಚಹಾ, ಯಾರದೋ ಹುಟ್ಟುಹಬ್ಬದ ಕೇಕು, ಅದಕ್ಕೆ ಧನ್ಯವಾದ, ಮುಂದಿನ ಸಭೆಗೆ ಮತದಾನ. ಅವರನ್ನು ಕೇಳಿದ್ದು ಒಂದೇ ಒಂದು ಸಾಲು, ಅದು ಅವರ ಹೆಂಡತಿಯದು. ನಾನು ಅವಳ ಮುಖ ನೋಡಿದೆ. ಅವಳೂ ಆ ಗುಂಪಿನಲ್ಲಿದ್ದಳು, ಅವಳೂ ಎಲ್ಲ ನೋಡಿದ್ದಳು.

ಅವಳು ಗಂಡನ ಹೊದಿಕೆ ಸರಿ ಮಾಡಿದಳು. "ಹೌದ್ರಿ," ಎಂದಳು. "ಎಲ್ಲಾರೂ ನಿಮ್ಮನ್ನ ಕೇಳಾಕ್ಹತ್ತಿದ್ರು."

ನಾನು ಸುಮ್ಮನೆ ತಲೆಯಾಡಿಸಿದೆ. ಹೊರಡುವಾಗ ಬಾಗಿಲ ತನಕ ಬಂದ ಅವಳು ಅನಾನಸ್ ಎರಡು ಚೀಲಕ್ಕೆ ಹಾಕಿ ಕೊಟ್ಟಳು.

ಮುಂದಿನ ಸಭೆ ಶಿರಸಿಯಲ್ಲಾಯಿತು. ಅವರು ಊರುಗೋಲು ಹಿಡಿದು ಹೆಂಡತಿಯೊಂದಿಗೆ ಬಂದರು. ಈ ಸಲ ಜನ ಬಿಡಲಿಲ್ಲ, ಮುಂದಿನ ಸಾಲಿನಲ್ಲೇ ಕೂರಿಸಿದರು. ‘ಓಂ ಶಾಂತಿ’ ಹಾಕಿದವರು ಒಬ್ಬೊಬ್ಬರಾಗಿ ಬಂದು ಕೈ ಹಿಡಿದು ಮಾತಾಡಿಸಿದರು, ಮುಖ ಎತ್ತಲು ಅವರಿಗೆ ಕಷ್ಟವಾಗುತ್ತಿತ್ತು. ‘ತುಂಬಲಾರದ ನಷ್ಟ’ ಬರೆದವರಿಗೆ ಅವರೇ, ನಷ್ಟ ತುಂಬೇತಿ ಬಿಡ್ರಿ ಎಂದು ಬೆನ್ನು ತಟ್ಟಿದರು. ಸಭೆ ಎರಡು ಮಾತನ್ನು ಬೇಗನೆ ಒಪ್ಪಿಕೊಂಡಿತು. ಗುಂಪಿನಲ್ಲಿ ಇಲ್ಲೆ ಎಂದು ಯಾರೂ ಒತ್ತಕೂಡದು, ಬಂದಿಲ್ಲ ಎಂದೋ ಬಂದಿದ್ದಾರೆ ಎಂದೋ ಬಾಯಲ್ಲೇ ಹೇಳಿ ಕಳಿಸಬೇಕು. ಫೋನಿನ ಸರಪಳಿಯನ್ನು ಮತ್ತೆ ಕಟ್ಟಬೇಕು.

ಆಮೇಲೆ ಅಧ್ಯಕ್ಷರು ಎದ್ದು, ನಮ್ಮ ಕಾರ್ಯದರ್ಶಿಯವರು ಹಿಂದೆಯೇ ಬರೆದಿಟ್ಟ ಠರಾವೊಂದಿದೆ, ಅವತ್ತೇ ಪಾಸಾಗಿದ್ದರೆ ಆ ಫೋಟೊ ಹೂವಿನ ನಡುವೆ ಮುಚ್ಚಿಹೋಗುತ್ತಿರಲಿಲ್ಲ ಎಂದು ಹೇಳಿ ಓದಿದರು. ಶುಭೋದಯ, ಶುಭರಾತ್ರಿ, ಹೂವು, ಕೇಕು ಸಂಪೂರ್ಣ ನಿಷೇಧ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು, ಮೊದಲ ಕೈ ನನ್ನದೇ ಎಂದು.

ಎದುರಿಗೆ ಆ ಇಬ್ಬರೂ ಕೂತಿದ್ದರು. ಅವರು ಊರುಗೋಲಿನ ಮೇಲೆ ಗದ್ದ ಇಟ್ಟು ನನ್ನನ್ನೇ ನೋಡುತ್ತಿದ್ದರು. ಅವಳು ನೆಲ ನೋಡುತ್ತಿದ್ದಳು. ಠರಾವಿನ ಪರ ನಾಲ್ಕು ಮಾತಾಡಿದರೂ, ಅವತ್ತು ಟಿಣ್ ಟಿಣ್ ಎಂದು ಏನೇನು ಬಂದಿತ್ತು ಎಂಬ ಲೆಕ್ಕ ಅವರ ಎದುರು ಬಿಚ್ಚಿಕೊಳ್ಳುತ್ತಿತ್ತು.

"ಇದನ್ನು ನಾನು ವಾಪಸ್ ತಗೊಳ್ತೇನೆ," ಎಂದೆ.

ಯಾಕೆ ಎಂದು ಅಧ್ಯಕ್ಷರು ಕೇಳಿದರು. ಮನಸ್ಸು ಬದಲಾಯಿತು ಎಂದೆ. ವರ್ಷಗಟ್ಟಲೆ ಹೂವಿನ ಮೇಲೆ ಯುದ್ಧ ಮಾಡಿದವಳ ಬಾಯಲ್ಲಿ ಈ ಮಾತು ಕೇಳಿ ಜನ ನಕ್ಕರು, ಕಮಲ ಹಾಕುವವರು ಚಪ್ಪಾಳೆಯನ್ನೂ ತಟ್ಟಿದರು. ಅವಳು ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿ, ಮತ್ತೆ ಗಂಡನ ಕಡೆ ತಿರುಗಿದಳು.

ಗುಂಪಿನ ಸದ್ದನ್ನು ಈಗ ನಾನು ಬಂದ್ ಮಾಡುವುದಿಲ್ಲ. ಬೆಳಿಗ್ಗೆ ಒಲೆಯ ಮುಂದೆ ನಿಂತಾಗ ಟಿಣ್ ಎನ್ನುತ್ತದೆ. ಕಮಲವೇ ಇರುತ್ತದೆ ಎಂದು ಗೊತ್ತು. ಕೈ ಒರೆಸಿಕೊಂಡು, ಬೈಯುತ್ತಲೇ, ತೆರೆದು ನೋಡುತ್ತೇನೆ.